ದೇವಾಲಯದ ನೆಲದ ಮೇಲೆ ನೃತ್ಯ: ಆರಾಧನಾ ಸ್ಥಳವನ್ನು ಕಲೆಗೆ ತೆರೆಯುವ ಪ್ರಶ್ನೆ

ಸಭಾಪಾಲಕರೊಬ್ಬರ ಮೇಜಿನ ಮೇಲೆ ಒಂದು ವಿನಂತಿಪತ್ರ ಬಂದಿದೆಯೆಂದು ಭಾವಿಸೋಣ. ನಗರದ ನೃತ್ಯತಂಡವೊಂದು ಶನಿವಾರ ಸಂಜೆ ದೇವಾಲಯದೊಳಗೆ ಪ್ರದರ್ಶನ ನೀಡಲು ಅಪ್ಪಣೆ ಕೇಳಿದೆ. ನೃತ್ಯದ ವಸ್ತು ಸತ್ಯವೇದದಿಂದ ತೆಗೆದುಕೊಂಡದ್ದಲ್ಲ. ನರ್ತಕರಲ್ಲಿ ಹೆಚ್ಚಿನವರು ಕ್ರೈಸ್ತರಲ್ಲ. ಜೊತೆಗೆ ನಾಲ್ವರು ವಾದ್ಯಗಾರರಿರುತ್ತಾರೆ. ಸಮಿತಿಯ ಕೂಟದಲ್ಲಿ ಈ ಪತ್ರವನ್ನು ಓದಿದೊಡನೆ ಏನಾಗುತ್ತದೆಂಬುದನ್ನು ನಮ್ಮ ಓದುಗರು ಬಲ್ಲರು. ಒಬ್ಬರು ದಾವೀದನ ಹೆಸರನ್ನೆತ್ತುತ್ತಾರೆ, ಮತ್ತೊಬ್ಬರು ಬಂಗಾರದ ಹೋರಿಕರುವನ್ನು ನೆನಪಿಸುತ್ತಾರೆ, ಮೂರನೆಯವರು ಬಾಡಿಗೆ ಎಷ್ಟು ಬರುತ್ತದೆಂದು ಕೇಳುತ್ತಾರೆ. ಈ ಮೂರರಲ್ಲಿ ಯಾವುದೂ ಅಪ್ರಸ್ತುತವಲ್ಲ. ಆದರೆ ಮೂರೂ ಒಟ್ಟಿಗೆ ಬಂದಾಗ ಯಾವ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದೇವೆಂಬುದೇ ಮರೆತುಹೋಗುತ್ತದೆ.

ಮೊದಲು ಇಲ್ಲಿರುವ ಗೊಂದಲವನ್ನು ಬಿಡಿಸಿಕೊಳ್ಳಬೇಕು. ಆರಾಧನೆಯ ಅಂಗವಾಗಿ ಸಭೆಯ ಜನರೇ ನರ್ತಿಸುವುದು ಒಂದು ಸಂಗತಿ. ಆರಾಧನೆಯ ಹೊರಗೆ, ಆದರೆ ಭಕ್ತಿಯ ವಸ್ತುವನ್ನೇ ಇಟ್ಟುಕೊಂಡು, ಗಾನವನ್ನಾಗಲಿ ನೃತ್ಯವನ್ನಾಗಲಿ ದೇವಾಲಯದಲ್ಲಿ ಅರ್ಪಿಸುವುದು ಇನ್ನೊಂದು. ಧಾರ್ಮಿಕವೆಂದು ಹೇಳಿಕೊಳ್ಳದ ಕಲೆಗೆ ದೇವಾಲಯದ ನೆಲವನ್ನು ಬಿಟ್ಟುಕೊಡುವುದು ಬೇರೆಯೇ ಸಂಗತಿ. ಮೊದಲನೆಯದು ಆರಾಧನಾಶಾಸ್ತ್ರಕ್ಕೆ ಸೇರಿದ್ದು. ಅದರ ಬಗ್ಗೆ ಬೇಕಾದಷ್ಟು ಬರವಣಿಗೆಯಿದೆ. ಎರಡನೆಯದಕ್ಕೆ ನಮ್ಮ ಕ್ರಿಸ್ಮಸ್ ಗಾನಸಂಧ್ಯೆಗಳೇ ಸಾಕ್ಷಿ. ಮೂರನೆಯದನ್ನು ದೈವಶಾಸ್ತ್ರದ ತರಗತಿಗಳಲ್ಲಿ ನಾವು ಹೆಚ್ಚು ಚರ್ಚಿಸಿಲ್ಲ. ಕಳೆದ ಶತಮಾನದಲ್ಲಿ ಸಮಕಾಲೀನ ನೃತ್ಯದ ಚರಿತ್ರೆಯೇ ತಿರುವು ಪಡೆದದ್ದು ಒಂದು ದೇವಾಲಯದ ನೆಲದ ಮೇಲೆ ಎಂಬುದನ್ನು ನೆನೆದರೆ, ಈ ಮೌನ ಸ್ವಲ್ಪ ವಿಚಿತ್ರವಾಗಿಯೇ ಕಾಣುತ್ತದೆ.

ಜಡ್ಸನ್ ದೇವಾಲಯದ ನಿದರ್ಶನ

ಆ ದೇವಾಲಯವು ನ್ಯೂಯಾರ್ಕ್ ನಗರದ ವಾಷಿಂಗ್ಟನ್ ಸ್ಕ್ವೇರ್ ಉದ್ಯಾನದ ದಕ್ಷಿಣ ಅಂಚಿನಲ್ಲಿರುವ ಜಡ್ಸನ್ ಸ್ಮಾರಕ ದೇವಾಲಯ. ಅದರ ಹೆಸರು ನಮಗೆ ಅಪರಿಚಿತವಲ್ಲ. 1812ರಲ್ಲಿ ಕಲ್ಕತ್ತೆಗೆ ಬಂದಿಳಿದು, ಅಲ್ಲಿಯೇ ಬ್ಯಾಪ್ಟಿಸ್ಟ್ ವಿಶ್ವಾಸದ ಪ್ರಕಾರ ದೀಕ್ಷಾಸ್ನಾನ ಪಡೆದು, ಮರುವರ್ಷ ಬರ್ಮಾಕ್ಕೆ ಹೋಗಿ ಸತ್ಯವೇದವನ್ನು ಬರ್ಮೀ ಭಾಷೆಗೆ ತಂದ ಅದೋನಿರಾಮ್ ಜಡ್ಸನ್ ಅವರ ನೆನಪಿಗೆ ಅವರ ಮಗ ಎಡ್ವರ್ಡ್ ಜಡ್ಸನ್ 1890ರಲ್ಲಿ ಸ್ಥಾಪಿಸಿದ ಸಭೆಯದು. ಉದ್ಯಾನದ ಉತ್ತರಕ್ಕೆ ಸಿರಿವಂತರ ಮನೆಗಳು, ದಕ್ಷಿಣಕ್ಕೆ ಇಟಲಿಯಿಂದ ವಲಸೆ ಬಂದ ಬಡವರ ವಸತಿಗಳು. ಎರಡಕ್ಕೂ ನಡುವೆ ಬೇಕೆಂದೇ ಕಟ್ಟಿದ ದೇವಾಲಯ. ಸ್ಟ್ಯಾನ್‌ಫರ್ಡ್ ವೈಟ್ ಅದರ ವಾಸ್ತುಶಿಲ್ಪಿ. ಕಿಟಕಿಗಳ ಬಣ್ಣದ ಗಾಜು ಜಾನ್ ಲಾ ಫಾರ್ಜ್ ಅವರದು. ಅಂದರೆ ಪಾಳುಬಿದ್ದ, ಜನರಿಲ್ಲದ ಕಟ್ಟಡವೊಂದು ನೃತ್ಯಶಾಲೆಯಾದ ಕಥೆಯಲ್ಲ ಇದು. ಜೀವಂತ ಸಭೆಯೊಂದು ಆದಿತ್ಯವಾರದ ಆರಾಧನೆ ನಡೆಸುತ್ತಲೇ ಕೈಗೊಂಡ ನಿರ್ಧಾರ.

1956ರಲ್ಲಿ ಹೊವರ್ಡ್ ಮೂಡಿ ಅಲ್ಲಿಯ ಹಿರಿಯ ಸಭಾಪಾಲಕರಾದರು. ಯೂನಿಯನ್ ದೈವಶಾಸ್ತ್ರ ಸೆಮಿನರಿಯಿಂದ ಹೊರಬಂದ ಆಲ್ ಕಾರ್ಮೈನ್ಸ್ ಎಂಬ ತರುಣ ಬೋಧಕರನ್ನು 1961ರಲ್ಲಿ ಕಲಾಸೇವೆಗಾಗಿ ಸಹಾಯಕರಾಗಿ ನೇಮಿಸಿಕೊಂಡರು. ಅಲ್ಲಿ ಆರಂಭವಾದ ನಾಟಕತಂಡಕ್ಕೆ ಸಭೆಯು ಎರಡೇ ನಿಯಮಗಳನ್ನು ಹಾಕಿಕೊಂಡಿತ್ತು: ಧಾರ್ಮಿಕ ನಾಟಕಗಳನ್ನು ಆಡಿಸುವುದಿಲ್ಲ, ಒಮ್ಮೆ ಒಪ್ಪಿಕೊಂಡ ಕೃತಿಗೆ ಕತ್ತರಿ ಹಾಕುವುದಿಲ್ಲ. ಎರಡನೆಯದನ್ನು ಕಲಾಸ್ವಾತಂತ್ರ್ಯವೆಂದು ಸುಲಭವಾಗಿ ಅರ್ಥಮಾಡಿಕೊಳ್ಳಬಹುದು. ಮೊದಲನೆಯದು ನಮ್ಮನ್ನು ತಡೆದು ನಿಲ್ಲಿಸುತ್ತದೆ. ದೇವಾಲಯವೇ ಧಾರ್ಮಿಕ ನಾಟಕ ಬೇಡವೆನ್ನುವುದೇ? ಕಲೆಯನ್ನು ಪ್ರಸಂಗದ ಊಳಿಗಕ್ಕೆ ಹಚ್ಚಿಕೊಳ್ಳುವ ಅಭ್ಯಾಸದಿಂದ ದೂರವಿರಬೇಕೆಂಬ ಸಂಕಲ್ಪ ಅದರಲ್ಲಿದೆಯೆಂದು ನಾವು ಓದುತ್ತೇವೆ.

ಇದೇ ಹೊತ್ತಿಗೆ ರಾಬರ್ಟ್ ಡನ್ ಎಂಬ ಸಂಗೀತಗಾರರು ಮರ್ಸ್ ಕನ್ನಿಂಗ್‌ಹ್ಯಾಮ್ ಅವರ ನೃತ್ಯಶಾಲೆಯಲ್ಲಿ ನೃತ್ಯರಚನೆಯ ತರಗತಿ ನಡೆಸುತ್ತಿದ್ದರು. ಜಾನ್ ಕೇಜ್ ಅವರಿಂದ ಕಲಿತ ಸಂಗೀತರಚನೆಯ ವಿಧಾನಗಳನ್ನು ಅವರು ನರ್ತಕರಿಗೆ ಹೇಳಿಕೊಡುತ್ತಿದ್ದರು. ತರಗತಿಯ ಕೃತಿಗಳನ್ನು ಜನರ ಮುಂದಿಡಲು ಸ್ಥಳ ಬೇಕಾದಾಗ ಯಿವೊನ್ ರೈನರ್, ಸ್ಟೀವ್ ಪ್ಯಾಕ್ಸ್‌ಟನ್, ರೂತ್ ಎಮರ್ಸನ್ ಈ ಮೂವರು ಕಾರ್ಮೈನ್ಸ್ ಅವರೆದುರು ನರ್ತಿಸಿ ತೋರಿಸಿದರು. ಕಾರ್ಮೈನ್ಸ್ ಒಪ್ಪಿದರು. 1962ರ ಜುಲೈ 6ರ ಬಿಸಿಲ ಬೇಗೆಯ ಸಂಜೆ ಜಡ್ಸನ್ ದೇವಾಲಯದ ಆರಾಧನಾ ಸಭಾಂಗಣದಲ್ಲಿ ಹದಿನಾಲ್ಕು ಮಂದಿಯ ನೃತ್ಯರಚನೆಗಳು ಮೂರು ಗಂಟೆಗೂ ಮಿಕ್ಕಿ ನಡೆದವು. ಆನಂತರ ಆ ತಂಡವು ದೇವಾಲಯದ ನೆಲಮಾಳಿಗೆಯ ವ್ಯಾಯಾಮಶಾಲೆಯಲ್ಲಿ ವಾರವಾರವೂ ಸೇರತೊಡಗಿತು. ನೃತ್ಯದ ಚರಿತ್ರೆಕಾರರು ಇದನ್ನು ಜಡ್ಸನ್ ನೃತ್ಯರಂಗವೆಂದು ಕರೆಯುತ್ತಾರೆ. ಆಧುನಿಕೋತ್ತರ ನೃತ್ಯದ ಆರಂಭವನ್ನು ಅನೇಕರು ಈ ಸಂಜೆಯಿಂದಲೇ ಲೆಕ್ಕ ಹಾಕುತ್ತಾರೆ.

ಅಂದು ಅಲ್ಲಿ ಕಂಡದ್ದೇನು? ಪ್ಯಾಕ್ಸ್‌ಟನ್ ಅವರ ‘ಪ್ರಾಕ್ಸಿ’ ಎಂಬ ಕೃತಿಯಲ್ಲಿ ನರ್ತಕರು ನಡೆದರು, ಪಿಯರ್ ಹಣ್ಣು ತಿಂದರು, ನೀರು ಕುಡಿದರು. ನಡೆಯುವುದೂ ಉಣ್ಣುವುದೂ ಕುಳಿತೇಳುವುದೂ ನೋಡಲು ಯೋಗ್ಯವಾದ ಚಲನೆಗಳೆಂಬುದು ಈ ತಂಡದ ಮೂಲ ನಂಬಿಕೆಯಾಗಿತ್ತು. ತರಬೇತಿ ಪಡೆಯದವರೂ ನರ್ತಕರೊಡನೆ ನಿಲ್ಲಬಹುದಾಗಿತ್ತು. ಇದರಲ್ಲಿ ಕರ್ತನ ಭೋಜನದ ನೆರಳನ್ನು ಕಾಣಲು ದೈವಶಾಸ್ತ್ರಜ್ಞನ ಕೈ ತುರಿಸುವುದು ಸಹಜ. ಆದರೆ ನಾವು ಆ ಕಲಾವಿದರ ಬಾಯಲ್ಲಿ ನಮ್ಮ ಮಾತನ್ನಿಡಬಾರದು. ಅವರು ಅಂಥದ್ದೇನನ್ನೂ ಉದ್ದೇಶಿಸಿರಲಿಲ್ಲ. ನಾವು ಹೇಳಬಹುದಾದದ್ದು ಇಷ್ಟೇ: ಆದಿತ್ಯವಾರ ರೊಟ್ಟಿಯನ್ನು ಮುರಿಯುವ ಸಭಾಂಗಣದಲ್ಲಿ ಶುಕ್ರವಾರ ಒಬ್ಬನು ಹಣ್ಣು ತಿನ್ನುವುದನ್ನು ಮುನ್ನೂರು ಜನ ಗಮನವಿಟ್ಟು ನೋಡಿದ್ದರೆ, ಆ ಸಭೆಯವರು ಆದಿತ್ಯವಾರ ಮೇಜಿನ ಬಳಿ ಬಂದಾಗ ತಮ್ಮ ಕೈಯ ಚಲನೆಯನ್ನು ಬೇರೆ ರೀತಿಯಲ್ಲಿ ಗಮನಿಸಿರಬಹುದು. ಇದು ಕಲೆಯ ಉದ್ದೇಶವಲ್ಲ, ನೆಲದ ಗುಣ.

ಇದಕ್ಕೆ ವಿರುದ್ಧ ದಿಕ್ಕಿನ ಪಯಣವೂ ಅದೇ ನಗರದಲ್ಲಿ ನಡೆದಿತ್ತು. ಆಲ್ವಿನ್ ಏಯ್ಲಿ 1960ರ ಜನವರಿಯಲ್ಲಿ ರಂಗಕ್ಕೆ ತಂದ ‘ರೆವೆಲೇಷನ್ಸ್’ ಕೃತಿಯು ಟೆಕ್ಸಸ್‌ನ ಕರಿಯರ ಬ್ಯಾಪ್ಟಿಸ್ಟ್ ಸಭೆಗಳ ನೆನಪುಗಳಿಂದ ಹುಟ್ಟಿದ್ದು. ದೀಕ್ಷಾಸ್ನಾನ, ಬೀಸಣಿಗೆ ಹಿಡಿದ ತಾಯಂದಿರು, ಗುಲಾಮಗಿರಿಯ ಕಾಲದ ಭಕ್ತಿಗೀತೆಗಳು ಎಲ್ಲವೂ ಅದರಲ್ಲಿವೆ. ಅಲ್ಲಿ ದೇವಾಲಯವು ರಂಗಮಂದಿರಕ್ಕೆ ಹೋಯಿತು. ಜಡ್ಸನ್‌ನಲ್ಲಿ ರಂಗಮಂದಿರಕ್ಕೆ ಬೇಡವಾದದ್ದು ದೇವಾಲಯಕ್ಕೆ ಬಂತು. ಎರಡರಲ್ಲಿ ಯಾವುದು ಹೆಚ್ಚು ಕ್ರೈಸ್ತವಾದದ್ದು ಎಂದು ವಿದ್ಯಾರ್ಥಿಗಳನ್ನು ಕೇಳಿದರೆ ಏಯ್ಲಿ ಅವರ ಕೃತಿಯನ್ನೇ ಹೆಸರಿಸುವುದು ಖಂಡಿತ. ಆದರೆ ದೇವಾಲಯವು ಏನು ಮಾಡಬೇಕು ಎಂಬ ಪ್ರಶ್ನೆಗೆ ಹೆಚ್ಚು ಬೆಳಕು ಚೆಲ್ಲುವುದು ಜಡ್ಸನ್.

ಬಾಗಿಲು ತೆರೆದ ಸಭೆಯು ಅದರ ಬೆಲೆಯನ್ನೂ ತೆತ್ತಿತು. 1970ರ ನವೆಂಬರಿನಲ್ಲಿ ಅಲ್ಲಿ ನಡೆದ ಧ್ವಜಪ್ರದರ್ಶನದಲ್ಲಿ, ರಾಷ್ಟ್ರಧ್ವಜದ ಬಳಕೆಯನ್ನು ನಿರ್ಬಂಧಿಸುವ ಕಾನೂನನ್ನು ಕಲಾವಿದರು ಪ್ರತಿಭಟಿಸಿದರು. ರೈನರ್ ಅವರ ‘ಟ್ರಿಯೊ ಎ’ ನೃತ್ಯವನ್ನು ಕೊರಳಿಗೆ ಧ್ವಜ ಕಟ್ಟಿಕೊಂಡ ನರ್ತಕರು ಬೆತ್ತಲೆಯಾಗಿ ಪ್ರದರ್ಶಿಸಿದರು. ಪ್ರದರ್ಶನದ ಮೂವರು ಸಂಘಟಕರು ಬಂಧನಕ್ಕೊಳಗಾದರು. ನಮ್ಮ ನಾಡಿನ ಯಾವ ಸಭೆಯೂ ಇಂಥದ್ದಕ್ಕೆ ಒಪ್ಪದು. ಒಪ್ಪಬೇಕೆಂದು ನಾವು ಹೇಳುತ್ತಲೂ ಇಲ್ಲ. ಆದರೆ ಜಡ್ಸನ್ ಸಭೆಯು ತಾನು ಅತಿಥಿಗೆ ಕೊಟ್ಟ ಮಾತಿಗೆ ಬದ್ಧವಾಗಿ ನಿಂತಿತೆಂಬುದನ್ನು ಗಮನಿಸಬೇಕು. ಕಲೆಗೆ ಬಾಗಿಲು ತೆರೆಯುವವರು ಇದನ್ನು ಮೊದಲೇ ಯೋಚಿಸಿಕೊಂಡಿರಬೇಕು. ಅತಿಥಿಯ ಮಾತು ನಮಗೆ ಹಿತವಾಗದೆ ಹೋದ ದಿನ ನಾವೇನು ಮಾಡುತ್ತೇವೆ? ಉತ್ತರವಿಲ್ಲದಿದ್ದರೆ ಬಾಗಿಲನ್ನು ಅಷ್ಟು ಅಗಲವಾಗಿ ತೆರೆಯದಿರುವುದೇ ಪ್ರಾಮಾಣಿಕ ನಡೆ.

ನೆಲವೂ ಪೀಠವೂ

ಅದೇ ನಗರದ ಇನ್ನೊಂದು ದೇವಾಲಯ ಬೋವರಿಯ ಸಂತ ಮಾರ್ಕನದು. 1799ರಲ್ಲಿ ಪ್ರತಿಷ್ಠೆಯಾದ ಎಪಿಸ್ಕೋಪಲ್ ದೇವಾಲಯ. 1911ರಿಂದ ಅಲ್ಲಿ ಗುರುಗಳಾಗಿದ್ದ ವಿಲಿಯಂ ನಾರ್ಮನ್ ಗತ್ರಿ ಅವರು 1920ರ ದಶಕದಲ್ಲಿ ಆರಾಧನೆಯೊಳಗೆ ನೃತ್ಯವನ್ನು ತಂದರು. ಬರಿಗಾಲಿನ ತರುಣಿಯರು ದೇವದೂತನ ಶುಭವಾರ್ತೆಯ ಪ್ರಸಂಗವನ್ನು ನರ್ತಿಸಿದ್ದು ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಬಿಷಪ್ ವಿಲಿಯಂ ಮ್ಯಾನಿಂಗ್ ಕೆರಳಿದರು. ಆ ಸಭೆಗೆ ತಮ್ಮ ಬಿಷಪ್ ಸೇವೆಯನ್ನೇ ನಿಲ್ಲಿಸಿದರು. ಗತ್ರಿ ಹಿಂದೆಗೆಯಲಿಲ್ಲ. ಇಬ್ಬರಲ್ಲಿ ಯಾರ ಪಕ್ಷವನ್ನು ಹಿಡಿಯಬೇಕೆಂಬುದು ಅಷ್ಟು ಸುಲಭವಲ್ಲ. ಹೊಸ ವಿಧಿಯೊಂದನ್ನು ತನ್ನ ಇಚ್ಛೆಯಿಂದಲೇ ಆರಾಧನೆಗೆ ಸೇರಿಸುವ ಗುರುವು ಸಭೆಯ ಐಕ್ಯವನ್ನು ಅಲಕ್ಷಿಸುತ್ತಾನೆ ಎಂಬ ಬಿಷಪ್ಪರ ವಾದಕ್ಕೆ ತೂಕವಿದೆ. ಆದರೆ ಬರಿಗಾಲನ್ನು ಕಂಡೇ ಅಪವಿತ್ರವೆಂದ ಪತ್ರಿಕೆಗಳ ಗದ್ದಲದಲ್ಲಿ ಆ ವಾದ ಮುಳುಗಿಹೋಯಿತು.

ಅರ್ಧ ಶತಮಾನದ ಬಳಿಕ, 1974ರಲ್ಲಿ, ಅದೇ ದೇವಾಲಯದಲ್ಲಿ ಡಾನ್ಸ್‌ಸ್ಪೇಸ್ ಎಂಬ ನೃತ್ಯಸಂಸ್ಥೆ ಆರಂಭವಾಯಿತು. 1978ರ ಜುಲೈನಲ್ಲಿ ಬೆಂಕಿ ಬಿದ್ದು ಕಟ್ಟಡದ ಒಳಭಾಗಕ್ಕೆ ಅಪಾರ ಹಾನಿಯಾಯಿತು. ಮತ್ತೆ ಕಟ್ಟುವಾಗ ಸಭೆಯವರು ಸ್ಥಿರವಾದ ಬೆಂಚುಗಳನ್ನು ಹಾಕಿಸದೆ ಮರದ ಬಯಲು ನೆಲವನ್ನೇ ಉಳಿಸಿಕೊಂಡರು. ಆದಿತ್ಯವಾರ ಅದರ ಮೇಲೆ ಕುರ್ಚಿಗಳನ್ನಿಟ್ಟು ಆರಾಧನೆ. ಉಳಿದ ದಿನಗಳಲ್ಲಿ ಅದೇ ನೆಲದ ಮೇಲೆ ನೃತ್ಯ, ಕವಿಗೋಷ್ಠಿ. ಈ ಸಣ್ಣ ವಾಸ್ತುನಿರ್ಧಾರದಲ್ಲಿ ಬಹಳಷ್ಟು ದೈವಶಾಸ್ತ್ರ ಅಡಗಿದೆ. ಕ್ರೈಸ್ತ ದೇವಾಲಯಗಳಲ್ಲಿ ಮೊದಲ ಸಾವಿರ ವರ್ಷಗಳುದ್ದಕ್ಕೂ ಜನಸಾಮಾನ್ಯರಿಗೆ ಬೆಂಚುಗಳಿರಲಿಲ್ಲ. ಜನ ನಿಲ್ಲುತ್ತಿದ್ದರು, ನಡೆಯುತ್ತಿದ್ದರು, ಮೊಣಕಾಲೂರುತ್ತಿದ್ದರು. ಸಾಲುಸಾಲು ಬೆಂಚುಗಳು ವ್ಯಾಪಕವಾದದ್ದು ದೀರ್ಘ ಪ್ರಸಂಗವನ್ನು ಆಲಿಸುವ ಕಾಲದಲ್ಲಿ. ನಮ್ಮ ಹಳ್ಳಿಯ ಸಭೆಗಳಲ್ಲಿ ಇಂದಿಗೂ ಚಾಪೆಯ ಮೇಲೆ ಕುಳಿತು ಆರಾಧಿಸುವವರು ಈ ದೃಷ್ಟಿಯಿಂದ ಹಿಂದುಳಿದವರಲ್ಲ. ಬೆಂಚುಗಳನ್ನು ನೆಲಕ್ಕೆ ಮೊಳೆ ಹೊಡೆದು ಕೂರಿಸಿದ ದೇವಾಲಯವು ‘ಇಲ್ಲಿ ಶರೀರಕ್ಕೆ ಕುಳಿತುಕೊಳ್ಳುವುದಲ್ಲದೆ ಬೇರೆ ಕೆಲಸವಿಲ್ಲ’ ಎಂದು ಮರದಲ್ಲಿಯೇ ಬೋಧಿಸುತ್ತಿರುತ್ತದೆ.

ಸಂಗೀತದ ಕಥೆ ಸ್ವಲ್ಪ ಭಿನ್ನ. ಸಂಗೀತಕ್ಕೆ ದೇವಾಲಯದಲ್ಲಿ ಎಂದಿನಿಂದಲೂ ಸ್ಥಾನವಿದೆ; ಪ್ರಶ್ನೆ ಏಳುವುದು ಯಾವ ಸಂಗೀತ ಎಂಬಲ್ಲಿ. 1965ರ ಸೆಪ್ಟೆಂಬರ್ 16ರಂದು ಸ್ಯಾನ್ ಫ್ರಾನ್ಸಿಸ್ಕೊ ನಗರದ ಗ್ರೇಸ್ ಪ್ರಧಾನಾಲಯದಲ್ಲಿ ಡ್ಯೂಕ್ ಎಲಿಂಗ್ಟನ್ ತಮ್ಮ ಮೊದಲ ಪವಿತ್ರ ಸಂಗೀತ ಕಛೇರಿಯನ್ನು ನಡೆಸಿದರು. ಜಾಜ್ ಎಂದರೆ ಮದ್ಯದಂಗಡಿಗಳ ಸಂಗೀತವೆಂದೇ ಭಾವಿಸಿದ್ದ ಕಾಲವದು. ದಾವೀದನು ಕರ್ತನ ಮುಂದೆ ತನ್ನ ಪೂರ್ಣಬಲದಿಂದ ಕುಣಿದನೆಂಬ ವಾಕ್ಯವನ್ನೇ ಹೆಸರಾಗಿಟ್ಟುಕೊಂಡ ಭಾಗವೊಂದನ್ನು ಎಲಿಂಗ್ಟನ್ ಅದರಲ್ಲಿ ಸೇರಿಸಿದ್ದರು. ಅದಕ್ಕೆ ಬನ್ನಿ ಬ್ರಿಗ್ಸ್ ಪಾದರಕ್ಷೆಯ ಲೋಹದ ತಾಳದಿಂದ ಟ್ಯಾಪ್ ನೃತ್ಯ ಮಾಡಿದರು. ಆದರೆ 1966ರ ಡಿಸೆಂಬರಿನಲ್ಲಿ ಅದೇ ಕಛೇರಿ ವಾಷಿಂಗ್ಟನ್‌ಗೆ ಬಂದಾಗ ಅಲ್ಲಿನ ಬ್ಯಾಪ್ಟಿಸ್ಟ್ ಬೋಧಕರ ಕೂಟವು ಬೆಂಬಲ ನೀಡಲು ನಿರಾಕರಿಸಿತು. ಎಲಿಂಗ್ಟನ್ ಅವರ ಜೀವನರೀತಿಯೂ ಅವರ ಸಂಗೀತದ ಸಹವಾಸವೂ ಅವರಿಗೆ ಒಪ್ಪಿಗೆಯಾಗಿರಲಿಲ್ಲ. ಬಿಳಿಯರ ಪ್ರಧಾನಾಲಯವು ಆಹ್ವಾನಿಸಿದ ಕರಿಯ ಕಲಾವಿದನನ್ನು ಕರಿಯರ ಬೋಧಕರೇ ಒಪ್ಪದಿದ್ದುದು ಯೋಚಿಸಬೇಕಾದ ಸಂಗತಿ. ತನ್ನದೇ ಜನರ ಬೀದಿಯಿಂದ ಬಂದ ಕಲೆಯ ಬಗ್ಗೆ ಸಭೆಗೆ ಇರುವ ನಾಚಿಕೆ, ಪರರ ಕಲೆಯ ಬಗ್ಗೆ ಇರುವ ಅನುಮಾನಕ್ಕಿಂತ ಆಳವಾದದ್ದು. ಈ ಮಾತಿಗೆ ನಾವು ಮತ್ತೆ ಬರುತ್ತೇವೆ. ಎಲಿಂಗ್ಟನ್ ಹಿಂಜರಿಯಲಿಲ್ಲ, ಮೂರನೆಯ ಪವಿತ್ರ ಕಛೇರಿಯನ್ನು 1973ರ ಅಕ್ಟೋಬರ್ 24ರಂದು ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ನಡೆಸಿ, ಮರುವರ್ಷ ತೀರಿಕೊಂಡರು.

ಜರ್ಮನಿಯ ಹಾಲ್ಬರ್‌ಷ್ಟಾಟ್ ಊರಿನ ಸಂತ ಬುರ್ಖಾರ್ಡಿ ದೇವಾಲಯವನ್ನೂ ಇಲ್ಲಿ ಹೆಸರಿಸದೆ ಮುಂದೆ ಹೋಗಲಾಗದು. ಜಾನ್ ಕೇಜ್ ಅವರ ಆರ್ಗನ್ ಕೃತಿಯೊಂದನ್ನು 639 ವರ್ಷಗಳ ಕಾಲ ನುಡಿಸುವ ಯೋಜನೆ 2001ರ ಸೆಪ್ಟೆಂಬರಿನಲ್ಲಿ ಅಲ್ಲಿ ಆರಂಭವಾಯಿತು. ಮೊದಲ ಹದಿನೇಳು ತಿಂಗಳು ಕೇವಲ ಮೌನ. ಮುಗಿಯುವುದು 2640ರಲ್ಲಿ. ಆರಾಧನೆ ನಿಂತುಹೋಗಿ ಕೊಟ್ಟಿಗೆಯಾಗಿಯೂ ಬಳಕೆಯಾಗಿದ್ದ ಕಟ್ಟಡದಲ್ಲಿ, ಯಾರ ಆಯುಷ್ಯಕ್ಕೂ ನಿಲುಕದ ಕಾಲವನ್ನು ನಂಬಿ ಒಂದು ಸ್ವರ ನುಡಿಯುತ್ತಿದೆ. ಅದು ನಂಬಿಕೆಯೋ ವಿನೋದವೋ ಎಂಬುದನ್ನು ಓದುಗರಿಗೇ ಬಿಡುತ್ತೇವೆ.

ವಾಕ್ಯಗಳನ್ನು ಎಚ್ಚರಿಕೆಯಿಂದ ಓದುವುದು

ಸಮಿತಿಯ ಕೂಟಗಳಲ್ಲಿ 2 ಸಮುವೇಲ 6ನೆಯ ಅಧ್ಯಾಯವು ಎಲ್ಲಕ್ಕೂ ಉತ್ತರವಾಗಿ ಬರುತ್ತದೆ. ಅದು ಹೇಳುವುದನ್ನೂ ಹೇಳದಿರುವುದನ್ನೂ ಬೇರ್ಪಡಿಸಿ ನೋಡಬೇಕು. ದಾವೀದನ ಕುಣಿತಕ್ಕೆ ಅಲ್ಲಿ ಬಳಸಿದ ಹೀಬ್ರು ಕ್ರಿಯಾಪದವು ಸುತ್ತಿ ತಿರುಗುವುದನ್ನು ಸೂಚಿಸುತ್ತದೆ. ಹದಿನಾರನೆಯ ವಚನದಲ್ಲಿ ಜಿಗಿಯುವುದನ್ನು ಸೂಚಿಸುವ ಇನ್ನೊಂದು ಪದವೂ ಇದೆ. ಎರಡೂ ಗಂಭೀರ ಮೆರವಣಿಗೆಯ ಪದಗಳಲ್ಲ. ಆತನು ತೊಟ್ಟದ್ದು ಯಾಜಕರು ತೊಡುವ ನಾರಿನ ಏಫೋದು. ಆದರೆ ಆತನು ಕುಣಿದದ್ದು ದೇವಾಲಯದೊಳಗಲ್ಲ. ದೇವಾಲಯ ಇನ್ನೂ ಕಟ್ಟಿರಲೇ ಇಲ್ಲ. ಮಂಜೂಷವು ದಾರಿಯಲ್ಲಿತ್ತು. ಆದ್ದರಿಂದ ಈ ಭಾಗವನ್ನು ದೇವಾಲಯದಲ್ಲಿ ನೃತ್ಯಕ್ಕೆ ನೇರ ಅಪ್ಪಣೆಯೆಂದು ಓದಲಾಗದು. ಮೀಕಲಳ ಆಕ್ಷೇಪವೂ ಕುಣಿತದ ಮೇಲಲ್ಲ, ಅರಸನು ದಾಸಿಯರ ಕಣ್ಣೆದುರು ಮರ್ಯಾದೆ ಬಿಟ್ಟನೆಂಬುದರ ಮೇಲೆ. ದಾವೀದನ ಉತ್ತರವೂ ಅದಕ್ಕೇ: ಆ ದಾಸಿಯರಿಂದಲೇ ತನಗೆ ಮಾನ ಸಿಗುವುದೆಂದು. ಹತ್ತೊಂಬತ್ತನೆಯ ವಚನವನ್ನು ನಾವು ಸಾಮಾನ್ಯವಾಗಿ ದಾಟಿಬಿಡುತ್ತೇವೆ. ಅಲ್ಲಿ ಆತನು ಗಂಡಸರಿಗೂ ಹೆಂಗಸರಿಗೂ ಎಲ್ಲರಿಗೂ ರೊಟ್ಟಿ ಹಂಚುತ್ತಾನೆ.

149 ಮತ್ತು 150ನೆಯ ಕೀರ್ತನೆಗಳು ಇನ್ನೂ ನೇರವಾಗಿವೆ. ಅಲ್ಲಿ ನೃತ್ಯವು ವಾದ್ಯಗಳ ಸಾಲಿನಲ್ಲಿಯೇ ಸ್ತೋತ್ರದ ಸಾಧನವಾಗಿ ಬರುತ್ತದೆ. ಹೊಸ ಒಡಂಬಡಿಕೆಯಲ್ಲಿ ಲೂಕ 15:25ನ್ನು ಮರೆಯಬಾರದು. ಹೊಲದಿಂದ ಬಂದ ಹಿರಿಯ ಮಗನ ಕಿವಿಗೆ ಮೊದಲು ಬಿದ್ದದ್ದು ವಾದ್ಯವೂ ನೃತ್ಯವೂ. ಅವನು ಒಳಗೆ ಹೋಗದೆ ಬಾಗಿಲಲ್ಲಿ ನಿಂತ. ಇಲ್ಲಿ ಸಭಾಪಾಲಕನಿಗೆ ಅನಾನುಕೂಲವಾದ ಒಂದು ಸಂಗತಿಯಿದೆ: ತಂದೆಯ ಮನೆಯೊಳಗಿನ ಸಂಗೀತದ ಕಾರಣವನ್ನು ಹಿರಿಯ ಮಗನು ಕೇಳಿದ್ದು ಆಳಿನ ಬಳಿ.

ಮಾರ್ಕ 11:17ರಲ್ಲಿ ಪ್ರಾರ್ಥನಾಲಯವೆಂಬ ಮಾತು ಬರುವುದರಿಂದ, ಪ್ರಾರ್ಥನೆಯಲ್ಲದ ಯಾವುದಕ್ಕೂ ಅಲ್ಲಿ ಜಾಗವಿಲ್ಲವೆಂದು ಕೆಲವರು ವಾದಿಸುತ್ತಾರೆ. ಯೇಸು ಅಲ್ಲಿ ಯೆಶಾಯ 56ನೆಯ ಅಧ್ಯಾಯವನ್ನು ನೆನಪಿಸುತ್ತಾನೆ. ಅದು ಸಕಲ ಜನಾಂಗಗಳಿಗೂ ಪ್ರಾರ್ಥನಾಲಯವೆಂದು. ವ್ಯಾಪಾರ ನಡೆದದ್ದು ಅನ್ಯಜನರಿಗೆ ಪ್ರವೇಶವಿದ್ದ ಹೊರಾಂಗಣದಲ್ಲಿ ಎಂದು ಸಾಮಾನ್ಯವಾಗಿ ಒಪ್ಪಿಕೊಳ್ಳಲಾಗಿದೆ. ಹಾಗಿದ್ದರೆ ಖಂಡನೆಗೆ ಗುರಿಯಾದದ್ದು ಹೊರಗಿನವರು ಪ್ರಾರ್ಥಿಸಬಹುದಾದ ಏಕೈಕ ಜಾಗವನ್ನು ಹಣಕ್ಕಾಗಿ ಕಸಿದುಕೊಂಡದ್ದು. ಈ ಓದು ನಮ್ಮ ಪ್ರಶ್ನೆಯ ರೂಪವನ್ನೇ ಬದಲಿಸುತ್ತದೆ. ಪ್ರದರ್ಶನವು ಪ್ರಾರ್ಥನೆಯೋ ಅಲ್ಲವೋ ಎಂದು ಕೇಳುವುದಕ್ಕಿಂತ, ಅದರಿಂದ ಯಾರ ಜಾಗ ಹೋಗುತ್ತದೆ, ಯಾರಿಗೆ ಜಾಗ ಸಿಗುತ್ತದೆ ಎಂದು ಕೇಳುವುದು ಸುವಾರ್ತೆಗೆ ಹತ್ತಿರವಾಗಿದೆ.

ರೋಮಿನ ನಿಯಮ, ನಮ್ಮ ನೆಲ

ಕಥೋಲಿಕ ಧರ್ಮಸಭೆಯು ಈ ವಿಷಯದಲ್ಲಿ ಸ್ಪಷ್ಟ ನಿಯಮಗಳನ್ನು ಹೊಂದಿದೆ. ಪ್ರಾಟೆಸ್ಟಂಟ್ ಸಭೆಗಳವರೂ ಅವನ್ನು ಓದುವುದು ಒಳಿತು. 1983ರ ಧರ್ಮಸಭಾ ಸಂಹಿತೆಯ 1210ನೆಯ ನಿಯಮದಂತೆ ಪವಿತ್ರ ಸ್ಥಳದಲ್ಲಿ ಆರಾಧನೆ, ಭಕ್ತಿ, ಧರ್ಮಗಳಿಗೆ ನೆರವಾಗುವುದಕ್ಕೆ ಮಾತ್ರ ಅವಕಾಶ. ಸ್ಥಳದ ಪಾವಿತ್ರ್ಯಕ್ಕೆ ವಿರುದ್ಧವಲ್ಲದ ಬೇರೆ ಬಳಕೆಗೆ ಧರ್ಮಾಧ್ಯಕ್ಷರು ಆಯಾ ಸಂದರ್ಭಕ್ಕೆ ಅನುಮತಿ ನೀಡಬಹುದು. 1987ರ ನವೆಂಬರಿನಲ್ಲಿ ದೈವಾರಾಧನಾ ಪೀಠವು ದೇವಾಲಯಗಳಲ್ಲಿ ನಡೆಯುವ ಸಂಗೀತ ಕಛೇರಿಗಳ ಬಗ್ಗೆ ಪತ್ರವೊಂದನ್ನು ಹೊರಡಿಸಿತು. ಕೃತಿಗಳ ವಿವರದೊಡನೆ ಮುಂಚಿತವಾಗಿ ಲಿಖಿತ ಕೋರಿಕೆ ಸಲ್ಲಿಸಬೇಕು. ಪ್ರವೇಶ ಉಚಿತವಾಗಿದ್ದು ಎಲ್ಲರಿಗೂ ತೆರೆದಿರಬೇಕು. ಗಾಯಕರೂ ವಾದ್ಯಗಾರರೂ ಬಲಿಪೀಠದ ಆವರಣದಲ್ಲಿ ನಿಲ್ಲಬಾರದು. ಪರಮಪ್ರಸಾದವನ್ನು ಸಾಧ್ಯವಾದಷ್ಟು ಬೇರೆ ಯೋಗ್ಯ ಸ್ಥಳದಲ್ಲಿ ಇಡಬೇಕು. ಖರ್ಚು, ಹಾನಿ, ದೇವಾಲಯವನ್ನು ಮೊದಲಿನಂತೆ ಅಣಿಗೊಳಿಸುವುದು ಇವುಗಳ ಹೊಣೆಯನ್ನು ಸಂಘಟಕರು ಬರೆದುಕೊಡಬೇಕು. ಉಚಿತ ಪ್ರವೇಶದ ಷರತ್ತನ್ನು ನಾವು ವಿಶೇಷವಾಗಿ ಮೆಚ್ಚುತ್ತೇವೆ. ಟಿಕೆಟು ಇಟ್ಟ ದಿನ ದೇವಾಲಯದ ಬಾಗಿಲಲ್ಲಿ ಯಾರೋ ಒಬ್ಬರನ್ನು ತಡೆದು ನಿಲ್ಲಿಸುವ ಮನುಷ್ಯನನ್ನು ಇರಿಸಲೇಬೇಕಾಗುತ್ತದೆ.

ನೃತ್ಯದ ಬಗ್ಗೆ ಅದೇ ಪೀಠದ ಪತ್ರಿಕೆಯಲ್ಲಿ 1975ರಲ್ಲಿ ಬಂದ ಲೇಖನವು ಇನ್ನೂ ಬಿಗಿಯಾಗಿದೆ. ಪಾಶ್ಚಾತ್ಯ ಸಂಸ್ಕೃತಿಯಲ್ಲಿ ನೃತ್ಯವು ಭೋಗ ಮತ್ತು ವಿನೋದಗಳೊಡನೆ ಬೆರೆತಿರುವುದರಿಂದ ಅಲ್ಲಿ ಅದನ್ನು ಆರಾಧನೆಗೆ ತರಲಾಗದು. ನೃತ್ಯವು ಇಂದಿಗೂ ಭಕ್ತಿಯ ಭಾಷೆಯಾಗಿರುವ ಸಂಸ್ಕೃತಿಗಳ ಮಾತು ಬೇರೆ ಎಂಬುದು ಅದರ ಸಾರ. 1988ರಲ್ಲಿ ರೋಮು ಅನುಮೋದಿಸಿದ ಜಾಯಿರ್ ದೇಶದ ಬಲಿಪೂಜಾ ವಿಧಿಯಲ್ಲಿ ಬಲಿಪೀಠದ ಸುತ್ತ ನೃತ್ಯವಿದೆ. ಆದರೆ ಪಶ್ಚಿಮದಲ್ಲಿಯೇ, ಸ್ಪೇನಿನ ಸೆವಿಲ್ಯ ಪ್ರಧಾನಾಲಯದಲ್ಲಿ, ಬಾಲಕರು ಪರಮಪ್ರಸಾದದ ಹಬ್ಬದಂದು ಬಲಿಪೀಠದ ಎದುರು ಕೈತಾಳ ಹಿಡಿದು ಶತಮಾನಗಳಿಂದ ನರ್ತಿಸುತ್ತಾ ಬಂದಿದ್ದಾರೆ. ನಿಯಮ ಬರೆಯುವವರ ಭೂಪಟಕ್ಕಿಂತ ಸಭೆಗಳ ಅನುಭವ ಯಾವಾಗಲೂ ಸ್ವಲ್ಪ ದೊಡ್ಡದು.

ಹಾಗಾದರೆ ಭಾರತ ಯಾವ ಪಕ್ಕದಲ್ಲಿದೆ? ನೃತ್ಯವು ಭಕ್ತಿಯ ಭಾಷೆಯಾಗಿರುವ ನಾಡು ಎಂದು ಹೊರಗಿನವರು ಥಟ್ಟನೆ ಹೇಳಿಬಿಡುತ್ತಾರೆ. ಬೆಂಗಳೂರಿನಲ್ಲಿ 1967ರಲ್ಲಿ ಡಿ. ಎಸ್. ಅಮಲೋರ್ಪವದಾಸ್ ಅವರ ನೇತೃತ್ವದಲ್ಲಿ ಆರಂಭವಾದ ರಾಷ್ಟ್ರೀಯ ಕೇಂದ್ರವು ಭಾರತೀಯ ಆರಾಧನೆಗಾಗಿ ಬಹಳ ದುಡಿಯಿತು. 1969ರಲ್ಲಿ ರೋಮು ಒಪ್ಪಿದ ಹನ್ನೆರಡು ಅಂಶಗಳಲ್ಲಿ ನೆಲದ ಮೇಲೆ ಕುಳಿತುಕೊಳ್ಳುವುದು, ಕೈಮುಗಿಯುವುದು, ಎಣ್ಣೆದೀಪ ಇವೆಲ್ಲ ಇದ್ದವು, ನೃತ್ಯವಿರಲಿಲ್ಲ. ಮುಂದೆ ತಿರುಚಿರಾಪಳ್ಳಿಯ ಕಲೈ ಕಾವೇರಿ ಸಂಸ್ಥೆಯೂ, ಕ್ರೈಸ್ತ ವಸ್ತುಗಳಿಗೆ ಹೊಸ ಮುದ್ರೆಗಳನ್ನು ರೂಪಿಸಿದ ಫ್ರಾನ್ಸಿಸ್ ಬಾರ್ಬೊಜಾ ಅವರೂ ಭರತನಾಟ್ಯವನ್ನು ಸುವಾರ್ತೆಯ ಸೇವೆಗೆ ತಂದರು. ಈ ಸಾಧನೆಯನ್ನು ನಾವು ಗೌರವಿಸುತ್ತೇವೆ.

ಆದರೆ ಕನ್ನಡ ನಾಡಿನ ಸಭೆಗಳಲ್ಲಿ ದೇವಾಲಯ ಮತ್ತು ನೃತ್ಯ ಎಂಬ ಎರಡು ಪದಗಳು ಜೊತೆಗೂಡಿದಾಗ ಕೆಲವರ ಕಿವಿಗೆ ಬೇರೊಂದು ನೆನಪು ಬಡಿಯುತ್ತದೆ. ಮೈಸೂರು ಸಂಸ್ಥಾನವು 1909ರಲ್ಲಿ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಆದರೂ 1982ರಲ್ಲಿ ಕರ್ನಾಟಕ ಸರ್ಕಾರವು ದೇವದಾಸಿ ಸಮರ್ಪಣಾ ನಿಷೇಧ ಕಾಯಿದೆಯನ್ನು ತರಬೇಕಾಗಿ ಬಂದಿತು. ಮುತ್ತು ಕಟ್ಟಿಸಿಕೊಂಡವರಲ್ಲಿ ಬಹುಪಾಲು ದಲಿತ ಹೆಣ್ಣುಮಕ್ಕಳು. ಉತ್ತರ ಕರ್ನಾಟಕದ ಸಭೆಯೊಂದರಲ್ಲಿ ಹಿರಿಯ ತಾಯಿಯೊಬ್ಬರು ದೇವರ ಮನೆಯಲ್ಲಿ ಕುಣಿತ ಬೇಡವೆಂದರೆ, ಅದನ್ನು ವಿಲಾಯತಿ ಮಿಷನರಿಗಳ ಕಟ್ಟುಪಾಡೆಂದು ತಳ್ಳಿಹಾಕುವ ಮೊದಲು ತರುಣ ಬೋಧಕನು ಅವರ ಬಳಿ ಕುಳಿತು ಕೇಳಬೇಕು. ಅವರ ಬೇಡವೆಂಬ ಮಾತಿನ ಹಿಂದೆ ಬಿಡುಗಡೆಯ ಅನುಭವವಿರಬಹುದು. ದೇವರ ಹೆಸರಿನಲ್ಲಿ ಶರೀರವನ್ನು ಪರರ ವಶಕ್ಕೆ ಒಪ್ಪಿಸಿದ ಪದ್ಧತಿಯಿಂದ ಹೊರಬಂದವರಿಗೆ, ಯಾರೂ ಕುಣಿಸದ ದೇವಾಲಯವೇ ಮೊದಲ ಸುವಾರ್ತೆಯಾಗಿದ್ದಿರಬಹುದು.

ಇದರ ಮಗ್ಗುಲಲ್ಲಿಯೇ ಇನ್ನೊಂದು ಸಂಗತಿಯಿದೆ. ನಮ್ಮಲ್ಲಿ ಭರತನಾಟ್ಯಕ್ಕೂ ವೀಣೆಗೂ ದೇವಾಲಯದ ಬಾಗಿಲು ಬೇಗ ತೆರೆಯುತ್ತದೆ, ತಮಟೆಗೆ ತೆರೆಯುವುದಿಲ್ಲ. ಸತ್ತ ದನದ ತೊಗಲಿನ ವಾದ್ಯವೆಂದೂ ಹೆಣದ ಮುಂದೆ ಬಡಿಯುವುದೆಂದೂ ಅದನ್ನು ದೂರವಿಟ್ಟವರು ಸವರ್ಣೀಯರು ಮಾತ್ರವಲ್ಲ. ಅದನ್ನು ಬಡಿಯಲೇಬೇಕೆಂಬ ಬಿಟ್ಟಿ ಚಾಕರಿಯಿಂದ ತಪ್ಪಿಸಿಕೊಂಡು ಬಂದ ಕುಟುಂಬಗಳೂ ಅದನ್ನು ಮತ್ತೆ ಕೈಗೆತ್ತಿಕೊಳ್ಳಲು ಹಿಂಜರಿಯುತ್ತವೆ. ಎಲಿಂಗ್ಟನ್ ಅವರನ್ನು ತಡೆದ ಬೋಧಕರ ಮನಸ್ಸು ಇದಕ್ಕೆ ಹತ್ತಿರದ್ದೇ. ಮಧುರೈಯ ತಮಿಳುನಾಡು ದೈವಶಾಸ್ತ್ರ ಸೆಮಿನರಿಯಲ್ಲಿ ಬೋಧಿಸಿದ ಥಿಯೊಫಿಲಸ್ ಅಪ್ಪಾವು ಅವರು ಜನಪದ ಸಂಗೀತವನ್ನೂ ಪರೈ ವಾದ್ಯವನ್ನೂ ಆರಾಧನೆಗೆ ತಂದಾಗ, ಸಂಗೀತದ ಜೊತೆಗೆ ಊಟದ ಸಹಪಂಕ್ತಿಯನ್ನೂ ತಂದರು. ಶಾಸ್ತ್ರೀಯ ಕಲೆಯನ್ನು ಮಾತ್ರ ಒಳಗೆ ಬಿಟ್ಟುಕೊಂಡು ನಾವು ಭಾರತೀಯರಾದೆವೆಂದು ಹೇಳಿಕೊಳ್ಳುವ ಸಭೆಯು, ಜಾತಿಯ ಹೊಸ್ತಿಲನ್ನು ದೇವಾಲಯದ ಬಾಗಿಲಿಗೆ ಹೊಸದಾಗಿ ಕೂರಿಸುತ್ತಿರುತ್ತದೆ.

ಪತ್ರಕ್ಕೆ ಉತ್ತರ ಬರೆಯುವ ಮುನ್ನ

ಆರಂಭದಲ್ಲಿ ಹೇಳಿದ ಸಭಾಪಾಲಕರು ಇನ್ನೂ ಪತ್ರಕ್ಕೆ ಉತ್ತರ ಬರೆದಿಲ್ಲ. ನಮ್ಮ ಅಭಿಪ್ರಾಯದಲ್ಲಿ ಅವರು ಒಪ್ಪಬಹುದು. ಆದರೆ ಒಬ್ಬರೇ ಒಪ್ಪಬಾರದು. ಗತ್ರಿ ಅವರ ಕಥೆ ಅಷ್ಟನ್ನಾದರೂ ಕಲಿಸುತ್ತದೆ. ತಂಡದವರನ್ನು ಕರೆಸಿ ಸಮಿತಿಯ ಎದುರು, ವಿಶೇಷವಾಗಿ ಸಭೆಯ ಹಿರಿಯ ಹೆಂಗಸರ ಎದುರು, ಅದೇ ನೆಲದ ಮೇಲೆ ಸ್ವಲ್ಪ ಹೊತ್ತು ನರ್ತಿಸಿ ತೋರಿಸುವಂತೆ ಕೇಳಬಹುದು. ಜಡ್ಸನ್‌ನಲ್ಲಿಯೂ ಆದದ್ದು ಅದೇ. ಕೃತಿಗೆ ಭಕ್ತಿಯ ಮುಸುಕು ಹಾಕಿಕೊಂಡು ಬರುವಂತೆ ಒತ್ತಾಯಿಸುವುದು ಬೇಡ. ದಾವೀದನ ಹೆಸರನ್ನು ಅಂಟಿಸಿಕೊಂಡ ಪೊಳ್ಳು ನೃತ್ಯಕ್ಕಿಂತ, ಏನನ್ನೂ ಅಂಟಿಸಿಕೊಳ್ಳದ ಪ್ರಾಮಾಣಿಕ ನೃತ್ಯ ಮೇಲು. ಪ್ರದರ್ಶನಕ್ಕೆ ಮುಂಚೆ ಬೋಧಕರು ಪ್ರಾರ್ಥನೆ ಮಾಡಬೇಕೇ ಎಂಬ ಪ್ರಶ್ನೆಯೂ ಬರುತ್ತದೆ. ಅತಿಥಿಗಳನ್ನು ಆತಿಥೇಯರಾಗಿ ಸ್ವಾಗತಿಸಿ, ಇದು ಯಾವ ಸಭೆಯ ಪ್ರಾರ್ಥನಾಲಯವೆಂದು ಎರಡು ಮಾತಿನಲ್ಲಿ ಹೇಳುವುದು ಸಾಕು.

ಉಳಿದದ್ದು ಕಲ್ಲು ಮತ್ತು ಮರದ ವಿಷಯ. ನಮ್ಮ ಹಳೆಯ ದೇವಾಲಯಗಳ ಕಲ್ಲಿನ ಅಥವಾ ಟೈಲಿನ ನೆಲ ಜಿಗಿಯುವವರ ಮೊಣಕಾಲಿಗೂ ಬೆನ್ನಿಗೂ ಕೆಟ್ಟದ್ದು. ಮರದ ಹಲಗೆಯ ನೆಲವನ್ನು ತಾತ್ಕಾಲಿಕವಾಗಿ ಹಾಸಬೇಕಾಗುತ್ತದೆ. ಎತ್ತರದ ಚಾವಣಿಯಲ್ಲಿ ಧ್ವನಿ ಹಲವು ಸೆಕೆಂಡು ಸುಳಿದಾಡುವುದರಿಂದ ಕೊಳಲು, ಪಿಟೀಲು, ಸಾಮೂಹಿಕ ಗಾನ ಸೊಗಸಾಗಿ ಕೇಳುತ್ತವೆ. ಮೃದಂಗದ ವೇಗದ ಪೆಟ್ಟುಗಳೂ ಕೊನ್ನಕ್ಕೋಲಿನ ಮಾತುಗಳೂ ಒಂದರೊಳಗೊಂದು ಕಲಸಿಹೋಗುತ್ತವೆ. ಧ್ವನಿವರ್ಧಕ ಹೆಚ್ಚಿಸಿದಷ್ಟೂ ಗೊಂದಲ ಹೆಚ್ಚು. ಕರ್ತನ ಮೇಜು, ದೀಕ್ಷಾಸ್ನಾನದ ಕಲ್ಲು, ಪ್ರಸಂಗಪೀಠ ಇವು ಮೂರೂ ಇದ್ದಲ್ಲೇ ಇರಲಿ. ನರ್ತಕರು ಅವುಗಳ ಸುತ್ತಲಿನ ಜಾಗವನ್ನು ಬಿಟ್ಟು ರಚನೆ ಮಾಡಿಕೊಳ್ಳಲಿ. ನುರಿತ ಕಲಾವಿದರು ಇಂಥ ಕಟ್ಟುಗಳಿಂದ ಬೇಸರಪಡುವುದಿಲ್ಲ, ಅದನ್ನೇ ಕೃತಿಯೊಳಕ್ಕೆ ತೆಗೆದುಕೊಳ್ಳುತ್ತಾರೆ. ಬಾಡಿಗೆಯ ಬದಲು ವಿದ್ಯುತ್ತು, ಶುಚಿಗೊಳಿಸುವಿಕೆ ಮತ್ತು ಹಾನಿಯ ಹೊಣೆಯನ್ನಷ್ಟೇ ಬರೆಸಿಕೊಳ್ಳಬಹುದು. ಶನಿವಾರ ರಾತ್ರಿ ಬೆಂಚುಗಳನ್ನು ಮತ್ತೆ ಸಾಲಾಗಿ ಜೋಡಿಸಿ, ಬೆಳಿಗ್ಗೆಯ ಆರಾಧನೆಗೆ ನೆಲ ಒರೆಸುವ ದೇವಾಲಯ ಸೇವಕನ ಹೆಚ್ಚಿನ ಕೂಲಿಯೂ ಆ ಕರಾರಿನಲ್ಲಿರಲಿ. ಮತ್ತು ಅವನಿಗೂ ಅವನ ಮನೆಯವರಿಗೂ ಮುಂದಿನ ಸಾಲಿನಲ್ಲಿ ಕುರ್ಚಿಗಳಿರಲಿ.